ನಾಲ್ಕೂವರೆ ಸಾವಿರದ ಕ್ರಾಸ್‌ಓವರ್: ನನ್ನ ಅನುಭವ

ನಮ್ಮದು ದೊಡ್ಡ ಸೆಟ್ ಅಲ್ಲ. 18 ಇಂಚಿನ ಎರಡು ಬೇಸ್ ಬಾಕ್ಸ್, ಅದರ ಮೇಲಿನ ದನಿಗೆ ಎರಡು ಟಾಪ್ ಬಾಕ್ಸ್. ಟಾಪ್ ಒಂದೊಂದಕ್ಕೂ 12 ಇಂಚಿನ ಸ್ಪೀಕರ್, ಮೇಲೊಂದು ಹಾರ್ನ್. ಗಣೇಶನ ಪೆಂಡಾಲ್, ರಾಜ್ಯೋತ್ಸವ, ಮದುವೆ ಆರ್ಕೆಸ್ಟ್ರಾ, ವರ್ಷಕ್ಕೆ ಎರಡು ಮೂರು ನಾಟಕ. ಬೇಸ್, ನಡುವಿನ ದನಿ, ಚುರುಕು ದನಿ ಬೇರೆ ಮಾಡಿ ಆಯಾ ಸ್ಪೀಕರ್‌ಗೆ ಕಳಿಸೋದು ಕ್ರಾಸ್‌ಓವರ್, ಬೇರೆಯಾಗುವ ಜಾಗಕ್ಕೆ ಕಟ್ ಅಂತೀವಿ. ಇಷ್ಟು ಸೆಟ್‌ಗೆ ಆ ಕೆಲಸಕ್ಕೆ ಅಂತ 25-30 ಸಾವಿರದ ಡಿಜಿಟಲ್ ಪ್ರೊಸೆಸರ್ ತಗೊಂಡರೆ ಅಸಲು ಹುಟ್ಟುವಷ್ಟರಲ್ಲಿ ಮೂರು ಗಣೇಶ ಕಳೆದಿರುತ್ತವೆ.

ಮೊದಲು ಬಾಕ್ಸ್ ಒಳಗಿನ ಕಾಯಿಲ್, ಕಂಡೆನ್ಸರ್‌ನಲ್ಲೇ ಓಡಿಸಿದೆ. ಬೇಸ್‌ಗೆ ಅಂತ ಪಿವಿಸಿ ಪೈಪಿನ ಮೇಲೆ ನಾನೇ ಕಾಯಿಲ್ ಸುತ್ತಿದ್ದೆ. ತಾಮ್ರದ ತಂತಿಗೇ ಸಾವಿರದ ಮೇಲಾಯ್ತು. ಒಂದು ಗಂಟೆ ಹೊಡೆದರೆ ಕೈ ಇಡಲಾಗದಷ್ಟು ಬಿಸಿ. ಆಮೇಲೆ ಬೆಂಗಳೂರಿನ ಎಸ್‌ಪಿ ರೋಡಿನಿಂದ 4558 ಐಸಿಯ ಕ್ರಾಸ್‌ಓವರ್ ಕಿಟ್ ಬೋರ್ಡ್ ತಂದೆ, ನಾನೂರೋ ಐನೂರೋ. ಅದರಲ್ಲಿದ್ದದ್ದು ಸೆರಾಮಿಕ್ ಕಂಡೆನ್ಸರ್, ಎಡ ಬಲ ಎರಡೂ ಬೇರೆ ಬೇರೆ ಕಡೆ ಕಟ್ ಆಗ್ತಿತ್ತು. ಪಾಲಿಯೆಸ್ಟರ್ ಹಾಕಿ ಸರಿಮಾಡಿದೆ, ಹಮ್ಮಿಂಗ್ ಮಾತ್ರ ಹೋಗಲಿಲ್ಲ.

ಮೂರನೆಯದು ಸೆಕೆಂಡ್ ಹ್ಯಾಂಡ್ ಅನಲಾಗ್ ರ‍್ಯಾಕ್ ಯೂನಿಟ್, 24 ಡಿಬಿ ಸ್ಲೋಪ್‌ನದು, ಅಂದರೆ ಕಟ್ ಆಚೆಯ ದನಿಯನ್ನು ಕಡಿದಾಗಿ ಇಳಿಸುವಂಥದ್ದು. ಐದೂವರೆ ಸಾವಿರ ಕೊಟ್ಟೆ. ಯೂನಿಟ್ ಒಳ್ಳೆಯದೇ, ಈಗಲೂ ಇದೆ. ಆದರೂ ಡೊಳ್ಳಿನ ಪೆಟ್ಟಿಗೆ ಎದೆಗೆ ಬಡಿಯುವ ಆ ಏಟು ಸಿಗಲಿಲ್ಲ. ಬೇಸ್ ಗೇನ್ ಏರಿಸಿದಷ್ಟೂ ಗುಂಯ್ ಅನ್ನೋದೇ ಜಾಸ್ತಿ. ಆಂಪ್ಲಿ ಬದಲಿಸಿದೆ, ವೈರ್ ದಪ್ಪ ಮಾಡಿದೆ, ಬಾಕ್ಸ್ ಮಾಡಿಕೊಟ್ಟ ಬಡಗಿಯನ್ನೂ ಬೈದೆ. ತಪ್ಪು ಅವನದಲ್ಲ.

ನನ್ನ ಬೇಸ್ ಬಾಕ್ಸ್ ಫೋಲ್ಡೆಡ್ ಹಾರ್ನ್. ಸ್ಪೀಕರ್‌ನಿಂದ ಹೊರಟ ಶಬ್ದ ಒಳಗೇ ಏಳಡಿ ಸುತ್ತಿಕೊಂಡು ಬಾಯಿಗೆ ಬರಬೇಕು. ಅಂದರೆ ಟಾಪ್‌ಗಿಂತ ಸುಮಾರು 6 ಮಿಲಿಸೆಕೆಂಡ್ ತಡ. 100 ಹರ್ಟ್ಜ್‌ನ ಒಂದು ಸುತ್ತಿಗೆ 10 ಮಿಲಿಸೆಕೆಂಡ್. ಕಟ್ ಇರುವ ಜಾಗದಲ್ಲೇ ಒಂದು ತಳ್ಳುವಾಗ ಇನ್ನೊಂದು ಎಳೀತಿತ್ತು. ಪ್ಲಸ್ ಮೈನಸ್ ಅದಲುಬದಲು ಮಾಡುವ ಇನ್ವರ್ಟ್ ಬಟನ್ ಒತ್ತಿದರೆ ಸ್ವಲ್ಪ ಸುಧಾರಿಸೋದು, ಪೂರ್ತಿ ಅಲ್ಲ. ನನಗೆ ಬೇಕಿದ್ದದ್ದು ಡಿಲೇ ಇರುವ ಕ್ರಾಸ್‌ಓವರ್, ಅಂದರೆ ಟಾಪ್‌ನ ಶಬ್ದವನ್ನೂ ಅಷ್ಟೇ ತಡಮಾಡಿ ಬಿಡುವಂಥದ್ದು. ಇದು ಹೊಳೆಯೋಕೆ ಎರಡು ವರ್ಷ ಹಿಡೀತು ಅಂತ ಹೇಳೋಕೆ ನಾಚಿಕೆ.

ಆಗ ಸಿಕ್ಕಿದ್ದು ಎಡಿಎಯು1701 ಚಿಪ್‌ನ ಡಿಎಸ್‌ಪಿ ಬೋರ್ಡ್, ಅಂದರೆ ಶಬ್ದವನ್ನು ಡಿಜಿಟಲ್ ಆಗಿ ತಿದ್ದುವ ಬೋರ್ಡ್. ಎರಡು ಇನ್‌ಪುಟ್, ನಾಲ್ಕು ಔಟ್‌ಪುಟ್, ಅಂಗೈಗಿಂತ ಚಿಕ್ಕದು. ಬೋರ್ಡ್ ಸುಮಾರು 1,400, ಪ್ರೋಗ್ರಾಮರ್ 900. ಅದಕ್ಕೆ ಪ್ರೋಗ್ರಾಂ ಮಾಡುವ ಸಿಗ್ಮಾ ಸ್ಟುಡಿಯೋ ಸಾಫ್ಟ್‌ವೇರ್ ಪುಕ್ಕಟೆ. ನಮ್ಮ ಕಡೆ ಸೌಂಡ್‌ನಲ್ಲಿ ಹಿರಿಯರೊಬ್ಬರಿದ್ದಾರೆ, ಎಲ್ಲರೂ ಅಣ್ಣ ಅಂತಲೇ ಕರೀತೀವಿ. ನೋಡಿ ನಕ್ಕರು: "ಇದು ಮಕ್ಕಳಾಟಿಕೆ ಕಣೋ. ವಿಸರ್ಜನೆ ದಿನ ಹೊಗೆ ಬರುತ್ತೆ, ಕೇಳು."

ಹೊಗೆ ಬರಲಿಲ್ಲ, ಮರ್ಯಾದೆ ಹೋಯ್ತು. ನಾಟಕದ ನಡುವೆ ಕರೆಂಟ್ ಹೋಗಿ ಜನರೇಟರ್ ಬಂತು. ಲೈಟೆಲ್ಲ ಹತ್ತಿದವು, ಮಿಕ್ಸರ್ ಎದ್ದಿತು, ಬಾಕ್ಸ್ ಮಾತ್ರ ಮೌನ. ಪ್ರೋಗ್ರಾಂ ಲ್ಯಾಪ್‌ಟಾಪಿನಿಂದ ಚಿಪ್‌ಗೆ ಇಳಿಸಿದ್ದೆನೇ ಹೊರತು ಕರೆಂಟ್ ಹೋದರೂ ನೆನಪಿಟ್ಟುಕೊಳ್ಳುವ ಈಪ್ರಾಮ್‌ಗೆ ಬರೆದಿರಲಿಲ್ಲ. ಲ್ಯಾಪ್‌ಟಾಪ್ ಮನೆಯಲ್ಲಿ. ದುರ್ಯೋಧನ ಹತ್ತು ನಿಮಿಷ ಗದೆ ಹಿಡಿದು ನಿಂತ. ಹಳೆ ರ‍್ಯಾಕ್ ಯೂನಿಟ್ ವ್ಯಾನ್‌ನಲ್ಲಿತ್ತು, ಅದು ಉಳಿಸಿತು. ಕಮಿಟಿಯವರು ಎರಡು ಸಾವಿರ ಹಿಡಿದುಕೊಂಡರು. ಈಗ ಬರೆದ ಮೇಲೆ ಮೂರು ಸಲ ಪ್ಲಗ್ ಕಿತ್ತು ಹಾಕಿ ನೋಡದೆ ಮನೆ ಬಿಡಲ್ಲ.

ಎರಡನೇ ತಲೆನೋವು ಲೆವೆಲ್. ಈ ಚಿಪ್ ಹೊರಗೆ ಕೊಡೋದೇ ಹೆಚ್ಚೆಂದರೆ 0.9 ವೋಲ್ಟ್. ನನ್ನ ಆಂಪ್ಲಿ ಪೂರ್ತಿ ಏಳೋಕೆ 1.4 ಬೇಕು. 5532 ಐಸಿ ಹಾಕಿ ವೋಲ್ಟೇಜ್ ಎರಡು ಪಟ್ಟು ಏರಿಸುವ ಬಫರ್ ಮಾಡಿಕೊಂಡೆ. ಹಮ್ಮಿಂಗ್ ತಡೆಯೋಕೆ ಇನ್‌ಪುಟ್‌ನಲ್ಲಿ 600:600 ಓಮ್ ಟ್ರಾನ್ಸ್‌ಫಾರ್ಮರ್. ಆನ್ ಮಾಡುವಾಗ ಬರುವ 'ಢಬ್'ಗೆ ಹಾರ್ನ್ ಒಳಗಿನ ಒಂದು ಡಯಾಫ್ರಮ್ ಬಲಿ, 800 ರೂಪಾಯಿ. ಆಮೇಲೆ ಹಾರ್ನ್‌ಗೆ ಸೀರೀಸ್‌ನಲ್ಲಿ 20 ಮೈಕ್ರೋಫ್ಯಾರಡ್ ಕಂಡೆನ್ಸರ್ ಹಾಕಿದೆ, ಆಂಪ್ಲಿ ಕೊನೆಗೆ ಆನ್, ಮೊದಲು ಆಫ್. ಡಬ್ಬ, ಸಪ್ಲೈ ಎಲ್ಲ ಸೇರಿ ನಾಲ್ಕೂವರೆ ಸಾವಿರ ದಾಟಿಲ್ಲ.

ಪೆಂಡಾಲಿನಲ್ಲಿ ಸ್ಟೀರಿಯೊ ಯಾರಿಗೆ ಬೇಕು? ಮೋನೋ ಮಾಡಿ ಒಂದು ಔಟ್ ಬೇಸ್‌ಗೆ, ಒಂದು 12 ಇಂಚಿಗೆ, ಒಂದು ಹಾರ್ನ್‌ಗೆ, ನಾಲ್ಕನೆಯದು ಸ್ಟೇಜ್ ಮಾನಿಟರ್‌ಗೆ. ಕಟ್ 100 ಹರ್ಟ್ಜ್, 1.8 ಕಿಲೋಹರ್ಟ್ಜ್. ಬೇಸ್‌ಗೆ 40 ಹರ್ಟ್ಜ್‌ನಲ್ಲಿ ಹೈಪಾಸ್, ಅಂದರೆ ಅದಕ್ಕಿಂತ ಕೆಳಗಿನದನ್ನು ತಡೆಯೋದು, ಇಲ್ಲದಿದ್ದರೆ ಕೋನ್ ಸುಮ್ಮನೆ ಕುಣಿದು ಸುಸ್ತಾಗುತ್ತೆ. ಡಿಲೇ ಹೊಂದಿಸಿದ್ದು ಹೀಗೆ: ಟಾಪ್‌ನ 12 ಇಂಚಿಗೆ ವೈರ್ ಉಲ್ಟಾ ಕೊಟ್ಟೆ, ಫೋನ್‌ನಿಂದ 100 ಹರ್ಟ್ಜ್ ಟೋನ್ ಬಿಟ್ಟೆ, ಇಪ್ಪತ್ತಡಿ ದೂರ ನಿಂತು ಶಬ್ದ ಅತಿ ಕಡಿಮೆ ಆಗುವವರೆಗೆ ಟಾಪ್‌ನ ಡಿಲೇ ಏರಿಸುತ್ತಾ ಹೋದೆ. 312 ಸ್ಯಾಂಪಲ್‌ಗೆ, ಅಂದರೆ 6.5 ಮಿಲಿಸೆಕೆಂಡ್‌ಗೆ, ಬಾಕ್ಸೇ ಆಫ್ ಆದ ಹಾಗೆ ಶಬ್ದ ಬಿದ್ದುಹೋಯ್ತು. ವೈರ್ ವಾಪಸ್ ನೆಟ್ಟಗೆ ಮಾಡಿದೆ, ಈಗ ಎರಡೂ ಒಟ್ಟಿಗೇ ತಳ್ಳುತ್ತವೆ. ಅಷ್ಟೇ ಡಿಲೇ ಹಾರ್ನ್‌ಗೂ. ಇನ್ನೊಂದು 10 ಮಿಲಿಸೆಕೆಂಡ್ ಮುಂದೆ ಹೋದರೂ ಹಾಗೇ ಬೀಳುತ್ತೆ, ಮೋಸ ಹೋಗಬೇಡಿ, ಟೇಪ್ ಹಿಡಿದು ಬಾಕ್ಸ್ ಅಳೆದುಕೊಂಡಿರಿ.

ನಡುವೆ ಕಟ್ ಅನ್ನು 80ಕ್ಕೂ 120ಕ್ಕೂ ಇಟ್ಟು ನೋಡಿದೆ. 120ರಲ್ಲಿ ಡೊಳ್ಳು ಚೆನ್ನ, ಆದರೆ ಭಾಷಣ ಮಾಡುವವರೆಲ್ಲ ಕೊಡಪಾನದೊಳಗಿಂದ ಮಾತಾಡಿದ ಹಾಗೆ. 80ರಲ್ಲಿ ಟಾಪ್ ಏದುಸಿರು ಬಿಡ್ತು. ಹಾರ್ನ್‌ನ ಚುರುಕು ಕಡಿಮೆ ಮಾಡೋಕೆ ಈಕ್ಯೂನಲ್ಲಿ ಎರಡು ಕಡೆ ದನಿ ತಗ್ಗಿಸಿದ್ದೀನಿ, ಎಲ್ಲಿ ಎಷ್ಟು ಅಂತ ಕೇಳಬೇಡಿ. ಶಬ್ದ ಮಿತಿ ಮೀರದಂತೆ ತಡೆಯುವ ಲಿಮಿಟರ್‌ನ ಲೆಕ್ಕವೂ ನನ್ನ ಹತ್ತಿರವೇ ಇರಲಿ.

ಕಳೆದ ಗಣೇಶನಿಗೆ ಐದು ದಿನ ಸತತ ಓಡ್ತು. ಮೂರನೇ ದಿನ ಅಣ್ಣ ಬಂದು ಬೇಸ್ ಬಾಕ್ಸ್ ಮುಂದೆ ಸ್ವಲ್ಪ ಹೊತ್ತು ನಿಂತರು, ಹಿಂದೆ ಹೋಗಿ ಎಷ್ಟು ಆಂಪ್ಲಿ ಇಟ್ಟಿದ್ದೀನಿ ಅಂತ ಎಣಿಸಿದರು. ವಿಸರ್ಜನೆ ಮುಗಿದ ಮೇಲೆ ಫೋನ್: "ನಂಗೂ ಒಂದು ಮಾಡ್ಕೊಡೋ." ಮಾಡ್ಕೊಡ್ತಿದ್ದೀನಿ, ಎಂಟು ಸಾವಿರ ಹೇಳಿದ್ದೀನಿ. ಪ್ರೋಗ್ರಾಂ ಫೈಲ್ ಮಾತ್ರ ಕೊಡಲ್ಲ.