ಚೀನೀ ಕರಾರಿನಲ್ಲಿ ‘ಡೆಪಾಸಿಟ್’: ಸಂಚಕಾರವೋ, ಮುಂಗಡವೋ?

ಚೀನಾದಿಂದ ಯಂತ್ರ ತರಿಸುವವರ ಕೈಗೆ ಬರುವ ಕರಾರಿನಲ್ಲಿ ಸಾಮಾನ್ಯವಾಗಿ ಎರಡು ಕಾಲಂ ಇರುತ್ತವೆ. ಎಡಕ್ಕೆ ಚೀನೀ, ಬಲಕ್ಕೆ ಇಂಗ್ಲಿಷ್. ನಮ್ಮವರು ಬಲಗಡೆಯದನ್ನು ಓದಿ ಸಹಿ ಹಾಕುತ್ತಾರೆ. ವ್ಯಾಜ್ಯ ಬಂದರೆ ಅಲ್ಲಿನ ಕೋರ್ಟು ಓದುವುದು ಎಡಗಡೆಯದನ್ನು. ಹಾಗಾಗಿ ಇಂಥ ಕರಾರು ನೋಡುವಾಗ ‘ಈ ಚೀನೀ ಪದಕ್ಕೆ ಇಂಗ್ಲಿಷ್‌ನಲ್ಲಿ ಏನು’ ಎಂದು ನಾನು ಮೊದಲು ಕೇಳುವುದಿಲ್ಲ. ‘ಮಾತಿಗೆ ತಪ್ಪಿದರೆ ಏನಾಗುತ್ತದೆ’ ಎಂದು ಕೇಳುತ್ತೇನೆ. ನನ್ನ ಪಟ್ಟಿಯಲ್ಲಿ ಪ್ರತಿ ಪದಕ್ಕೆ ಒಂದು ಸಾಲು: ಅಕ್ಷರ, ಉಚ್ಚಾರ, ಕಾಯ್ದೆಯ ವಿಧಿ ಸಂಖ್ಯೆ, ತಪ್ಪಿದರೆ ಆಗುವ ಫಲ. ಇಂಗ್ಲಿಷ್ ಪದ ಬರೆಯುವುದು ಕೊನೆಯ ಮನೆಯಲ್ಲಿ.

ಎಲ್ಲಕ್ಕಿಂತ ಮೊದಲು ಕರಾರಿಗೆ ಯಾವ ಕಾನೂನು ಅನ್ವಯ ಎಂಬ ಕಲಮನ್ನು ಹುಡುಕಬೇಕು. ಹಾಂಗ್‌ಕಾಂಗ್ ಕಾನೂನು ಎಂದಿದ್ದರೆ ಕೆಳಗಿನದು ಹೊಂದುವುದಿಲ್ಲ. ಅಲ್ಲಿರುವುದು ಇಂಗ್ಲಿಷ್ ಪರಂಪರೆಯ ಕಾಮನ್ ಲಾ (ಕೋರ್ಟಿನ ತೀರ್ಪುಗಳಿಂದ ಬೆಳೆದ ಕಾನೂನು), ಚೀನೀ ಪದಗಳೂ ಎಷ್ಟೋ ಕಡೆ ಬೇರೆ. ಚೀನಾದ ಮುಖ್ಯ ಭೂಭಾಗದ ಕಾನೂನು ಎಂದಿದ್ದರೆ ಕೈಯಲ್ಲಿರಬೇಕಾದದ್ದು 2021ರ ಜನವರಿ 1ರಿಂದ ಜಾರಿಯಲ್ಲಿರುವ ನಾಗರಿಕ ಸಂಹಿತೆ. ಅದರಲ್ಲಿ 1260 ವಿಧಿಗಳಿವೆ.

ಹೆಚ್ಚು ದುಡ್ಡು ಕಳೆಯುವ ಪದ ಡಿಂಗ್‌ಜಿನ್. ಅಲ್ಲ, ಡಿಂಗ್‌ಜಿನ್ ಎಂಬ ಎರಡು ಪದಗಳು. ಉಚ್ಚಾರ ಒಂದೇ, ಸ್ವರದ ಏರಿಳಿತವೂ ಒಂದೇ; ಫೋನಿನಲ್ಲಿ ಕೇಳಿದರೆ ಚೀನೀಯರಿಗೂ ಬೇರೆ ತಿಳಿಯದು. ಬರಹದಲ್ಲಿ ಮಾತ್ರ ವ್ಯತ್ಯಾಸ. ಒಂದರ ಮೊದಲ ಅಕ್ಷರದ ನೆತ್ತಿಯ ಮೇಲೆ ಮನೆಯ ಸೂರಿನಂಥ ಗೆರೆ, ಸೂರಿನ ನಡುವೆ ಒಂದು ಚುಕ್ಕೆ. ಇನ್ನೊಂದರಲ್ಲಿ ಸೂರಿಲ್ಲ. ಎಡಕ್ಕೆ ‘ಮಾತು’ ಎಂಬರ್ಥದ ಸಣ್ಣ ಚಿಹ್ನೆ, ಬಲಕ್ಕೆ ಬಡಿದ ಮೊಳೆಯಂಥ ಆಕಾರ. ಇಂಗ್ಲಿಷ್ ಕಾಲಂನಲ್ಲಿ ಎರಡಕ್ಕೂ ‘ಡೆಪಾಸಿಟ್’ ಎಂದು ಬರೆದು ಮುಗಿಸುವುದು ವಾಡಿಕೆ. ಕನ್ನಡದಲ್ಲಿ ನಮಗೆ ಎರಡು ಪದಗಳೇ ಇವೆ: ಸೂರಿನದು ಸಂಚಕಾರ, ಮಾತಿನದು ಮುಂಗಡ. ದನದ ಜಾತ್ರೆಯಲ್ಲಿ ವ್ಯಾಪಾರ ಕುದುರಿದಾಗ ಕೊಡುವ ಸಂಚಕಾರಕ್ಕೂ ಮುಂಚೆಯೇ ಕೊಟ್ಟ ಬೆಲೆಯ ಭಾಗಕ್ಕೂ ಇರುವ ಅಂತರವನ್ನು ನಮ್ಮ ಹಳ್ಳಿಗರು ಬಲ್ಲರು.

ಸಂಹಿತೆಯ 586, 587ನೇ ವಿಧಿಗಳ ಪ್ರಕಾರ ಸಂಚಕಾರ ಕೊಟ್ಟವನು ಮಾತಿಗೆ ತಪ್ಪಿ ಕರಾರಿನ ಉದ್ದೇಶವೇ ಕೆಟ್ಟರೆ ಆ ಹಣ ಹೋಯಿತು. ತೆಗೆದುಕೊಂಡವನು ತಪ್ಪಿದರೆ ಎರಡರಷ್ಟು ಹಿಂದಿರುಗಿಸಬೇಕು. ಆದರೆ ಒಟ್ಟು ಬೆಲೆಯ ಶೇ. 20ರ ತನಕ ಮಾತ್ರ ಈ ಬಲ. 1,00,000 ಡಾಲರಿನ ಯಂತ್ರಕ್ಕೆ ಶೇ. 30 ಕಟ್ಟಿದ್ದೀರಿ ಎನ್ನಿ. ಕರಾರಿನಲ್ಲಿ ಸೂರಿನ ಅಕ್ಷರವಿದ್ದು ಮಾರುವವನು ಕೈಕೊಟ್ಟರೆ 20,000ದ ದುಪ್ಪಟ್ಟು 40,000, ಉಳಿದ 10,000 ಹಾಗೇ ವಾಪಸು, ಒಟ್ಟು 50,000 ಕೇಳಬಹುದು. ಮಾತಿನ ಅಕ್ಷರವಿದ್ದರೆ ಕೊಟ್ಟ 30,000 ಮಾತ್ರ ಬರುತ್ತದೆ. ಅದಕ್ಕಿಂತ ಹೆಚ್ಚು ಬೇಕಾದರೆ ನಷ್ಟವನ್ನು ಲೆಕ್ಕ ಸಮೇತ ಸಾಬೀತು ಮಾಡಬೇಕು. ನೀವೇ ಹಿಂದೆ ಸರಿದರೆ ಲೆಕ್ಕ ತಿರುಗುತ್ತದೆ: ಸೂರಿದ್ದರೆ 20,000 ಕೈಬಿಟ್ಟಂತೆ. ಇನ್ನೊಂದು ತೊಡಕು, ಅದೇ ಕರಾರಿನಲ್ಲಿ ಕರಾರುಭಂಗದ ಹಣವೂ (ತಪ್ಪಿದವನು ಕೊಡಬೇಕೆಂದು ಮೊದಲೇ ಗೊತ್ತುಮಾಡಿದ ಮೊತ್ತ) ಬರೆದಿದ್ದರೆ 588ನೇ ವಿಧಿ ಎರಡರಲ್ಲಿ ಒಂದನ್ನು ಆರಿಸಿಕೊಳ್ಳಿ ಎನ್ನುತ್ತದೆ. ಎರಡನ್ನೂ ಕೇಳಲಾಗದು.

ಆ ಕರಾರುಭಂಗದ ಹಣವನ್ನು ಇಂಗ್ಲಿಷ್ ಕಾಲಂನಲ್ಲಿ ‘ಪೆನಾಲ್ಟಿ’ ಎಂದು ಬರೆದರೆ ನಾನು ಹೊಡೆದುಹಾಕಿ ‘ಲಿಕ್ವಿಡೇಟೆಡ್ ಡ್ಯಾಮೇಜಸ್’ (ಮೊದಲೇ ನಿಗದಿಯಾದ ಪರಿಹಾರ) ಎಂದು ತಿದ್ದಿಸುತ್ತೇನೆ, ಏಕೆಂದರೆ ಪೆನಾಲ್ಟಿ ಎಂದ ಕೂಡಲೇ ಇಂಗ್ಲಿಷ್ ಕಾನೂನು ಕಲಿತವರು ಅದು ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂದುಕೊಳ್ಳುತ್ತಾರೆ. ಚೀನಾದಲ್ಲಿ ಅದು ನಿಲ್ಲುತ್ತದೆ. ಬರೆದ ಮೊತ್ತ ನಷ್ಟಕ್ಕಿಂತ ಕಡಿಮೆಯಿದ್ದರೆ ಹೆಚ್ಚಿಸಲು, ಅತಿಯಾಗಿದ್ದರೆ ಇಳಿಸಲು ಪಕ್ಷಗಾರರು ಕೋರ್ಟನ್ನು ಕೇಳಬಹುದು. ನಮ್ಮ ಕರಾರು ಕಾಯ್ದೆಯ 74ನೇ ಕಲಮಿನಲ್ಲಿ ಬರೆದ ಮೊತ್ತವೇ ಗರಿಷ್ಠ ಮಿತಿ. ಆ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಚೀನೀ ಕರಾರನ್ನು ಓದಬೇಡಿ.

ಜಾಮೀನಿನಲ್ಲೂ ಇದೇ ಅಪಾಯ. ನಮ್ಮಲ್ಲಿ ಅದೇ ಕರಾರು ಕಾಯ್ದೆಯ 128ನೇ ಕಲಮಿನಂತೆ ಜಾಮೀನುದಾರನ ಹೊಣೆ ಸಾಲಗಾರನಷ್ಟೇ, ನೇರ ಅವನ ಬಾಗಿಲಿಗೇ ಹೋಗಬಹುದು. ಚೀನಾದಲ್ಲಿ ಜಾಮೀನು ಎರಡು ಬಗೆ. ಸಾಧಾರಣ ಜಾಮೀನಾದರೆ ಮೊದಲು ಸಾಲಗಾರನ ಮೇಲೆ ದಾವೆ ಹೂಡಿ, ಅವನ ಆಸ್ತಿಯ ಮೇಲೆ ಜಾರಿ ಮಾಡಿಸಿ, ಆಮೇಲೂ ಬಾಕಿ ಉಳಿದರೆ ಜಾಮೀನುದಾರ. ‘ಲ್ಯೆನ್‌ಡಾಯ್’ (ಜಂಟಿ ಹೊಣೆ) ಎಂಬ ಪದ ಸೇರಿದ್ದರೆ ಮಾತ್ರ ಇಬ್ಬರಲ್ಲಿ ಯಾರನ್ನಾದರೂ ಹಿಡಿಯಬಹುದು. ಯಾವ ಬಗೆಯೆಂದು ಬರೆಯದಿದ್ದರೆ 1995ರ ಜಾಮೀನು ಕಾಯ್ದೆ ಅದನ್ನು ಲ್ಯೆನ್‌ಡಾಯ್ ಎಂದು ಭಾವಿಸುತ್ತಿತ್ತು. ಸಂಹಿತೆಯ 686ನೇ ವಿಧಿ ಅದನ್ನು ತಿರುಗಿಸಿ ಸಾಧಾರಣ ಜಾಮೀನು ಎಂದಿದೆ. ಹಳೆಯ ನಮೂನೆಯನ್ನೇ ನಕಲು ಮಾಡಿ ಬಳಸುವವರು ಇಲ್ಲಿ ಎಡವುತ್ತಾರೆ.

ದಿನ ಎಣಿಸುವಾಗ ‘ಯಿಶಾಂಗ್’ (ಅಷ್ಟು ಅಥವಾ ಅದಕ್ಕಿಂತ ಹೆಚ್ಚು) ಎಂಬ ಪದ ನೋಡಿಕೊಳ್ಳಿ. ‘ಮೂವತ್ತು ದಿನ ಯಿಶಾಂಗ್’ ಎಂದರೆ ಮೂವತ್ತನೆಯ ದಿನವೂ ಸೇರಿತು, 1259ನೇ ವಿಧಿ ಅದನ್ನು ಬಿಡಿಸಿ ಹೇಳಿದೆ. ಅದನ್ನು ‘ಮೋರ್ ದ್ಯಾನ್’ ಎಂದು ಅನುವಾದಿಸಿದರೆ ಒಂದು ದಿನ ತಪ್ಪಿಹೋಗುತ್ತದೆ. ‘ಚಾವ್‌ಗ್ವೋ’ (ಮೀರಿ) ಎಂದಿದ್ದರೆ ಮಾತ್ರ ಮೂವತ್ತು ದಾಟಬೇಕು.

ವಿಧಿಯನ್ನು ಉಲ್ಲೇಖಿಸುವಲ್ಲೂ ತಪ್ಪಾಗುತ್ತದೆ. ವಿಧಿಗೆ ‘ತ್ಯಾವ್’, ಅದರೊಳಗಿನ ಪ್ಯಾರಾಕ್ಕೆ ‘ಕ್ವಾನ್’, ಅದರೊಳಗಿನ ಅಂಶಕ್ಕೆ ‘ಶ್ಯಾಂಗ್’. ಶ್ಯಾಂಗ್‌ಗೆ ಕಂಸದಲ್ಲಿ ಸಂಖ್ಯೆ ಇರುತ್ತದೆ, ಕ್ವಾನ್‌ಗೆ ಇರುವುದೇ ಇಲ್ಲ. ‘585ನೇ ವಿಧಿಯ ಎರಡನೇ ಕ್ವಾನ್’ ಬೇಕಾದರೆ ಪ್ಯಾರಾಗಳನ್ನು ಬೆರಳಿಟ್ಟು ಎಣಿಸಬೇಕು.

ಸಹಿಯ ಜಾಗದಲ್ಲಿ ಎರಡು ಸಂಗತಿ. ‘ಫಾರೆನ್’ ಎಂಬ ಚೀನೀ ಪದಕ್ಕೆ ಅರ್ಥ ಕಾನೂನಿನಲ್ಲಿ ಸಂಸ್ಥೆಯೇ ಹೊರತು ಮನುಷ್ಯನಲ್ಲ. ಮಾತಿನಲ್ಲಿ ಮಾತ್ರ ಜನ ಕಂಪನಿಯ ಕಾನೂನುಬದ್ಧ ಪ್ರತಿನಿಧಿಯನ್ನು ಹಾಗೆ ಕರೆಯುತ್ತಾರೆ. ಅವನಿಗೆ ಕಾಯ್ದೆಯಲ್ಲಿರುವ ಪದ ಐದಕ್ಷರದ್ದು, ‘ಫಾಡಿಂಗ್ ಡಾಯ್‌ಬ್ಯಾವ್‌ರೆನ್’. ಇನ್ನು ಮೊಹರು: ಕೆಂಪು, ದುಂಡು, ನಡುವೆ ಐದು ಮೂಲೆಯ ನಕ್ಷತ್ರ, ಅಂಚಿನಲ್ಲಿ ಕಂಪನಿಯ ಪೂರ್ತಿ ಚೀನೀ ಹೆಸರು. ಆ ಹೆಸರನ್ನು ವ್ಯಾಪಾರ ಪರವಾನಗಿಯಲ್ಲಿರುವ ಹೆಸರಿನೊಡನೆ ಒಂದೊಂದೇ ಅಕ್ಷರ ತಾಳೆ ನೋಡಿ, ಪರವಾನಗಿಯ 18 ಸ್ಥಾನದ ಏಕೀಕೃತ ಸಂಕೇತವನ್ನು ಕರಾರಿನಲ್ಲೂ ಬರೆಸುತ್ತೇನೆ. ಕಂಪನಿ ನೋಂದಣಿಯಾಗುವುದು ಚೀನೀ ಹೆಸರಿನಲ್ಲಿ. ಇಂಗ್ಲಿಷ್ ಹೆಸರನ್ನು ನಂಬಿ ಯಾರನ್ನೂ ಪ್ರತಿವಾದಿ ಮಾಡಲಾಗದು.

ಭಾಷೆಯ ಕಲಮು ಸಾಮಾನ್ಯವಾಗಿ ಕೊನೆಯ ಪುಟದಲ್ಲಿರುತ್ತದೆ. ‘ಚೀನೀ ಪಠ್ಯವೇ ಅಂತಿಮ’ ಎಂದಿದ್ದರೆ ಬಲಗಡೆಯ ಕಾಲಂ ಬರೀ ಅನುಕೂಲಕ್ಕೆ. ‘ಎರಡಕ್ಕೂ ಸಮಾನ ಬಲ’ ಎಂದಿದ್ದರೆ 466ನೇ ವಿಧಿ ಎರಡೂ ಕಡೆಯ ಪದಗಳಿಗೆ ಒಂದೇ ಅರ್ಥವಿದೆ ಎಂದು ಊಹಿಸುತ್ತದೆ. ಹೊಂದದಿದ್ದರೆ ಕರಾರಿನ ಸ್ವರೂಪ, ಉದ್ದೇಶ, ಪ್ರಾಮಾಣಿಕತೆ ನೋಡಿ ಕೋರ್ಟು ಅರ್ಥೈಸುತ್ತದೆ. ಅದಕ್ಕೇ ಸಹಿಗೆ ಮುಂಚೆ ಇಂಗ್ಲಿಷ್ ಕಾಲಂನ ‘ಡೆಪಾಸಿಟ್’ ತೆಗೆಸಿ, ‘ಚೀನಾ ನಾಗರಿಕ ಸಂಹಿತೆಯ 586 ಮತ್ತು 587ನೇ ವಿಧಿಗಳ ಅರ್ಥದ ಅರ್ನೆಸ್ಟ್ ಮನಿ’, ಅಂದರೆ ಸಂಚಕಾರ, ಎಂದು ಪೂರ್ತಿಯಾಗಿ ಬರೆಸುತ್ತೇನೆ, ಎಡಗಡೆ ಸೂರಿನ ಅಕ್ಷರವೇ ಇದೆಯೇ ಎಂದು ಪುಟವನ್ನು ದೊಡ್ಡದು ಮಾಡಿ ಮತ್ತೊಮ್ಮೆ ನೋಡುತ್ತೇನೆ.