ಚೆಕ್ ಇಂಜಿನ್ ಲೈಟ್ ಬಂತಾ? ಪಾರ್ಟ್ ತಗೊಳೋ ಮುಂಚೆ ಇಷ್ಟು ನೋಡ್ಕೊಳ್ಳಿ

ಡ್ಯಾಶ್‌ಬೋರ್ಡಲ್ಲಿ ಹಳದಿ ಇಂಜಿನ್ ಚಿತ್ರ ಹೊತ್ಕೊಂಡ್ರೆ ಸಾಮಾನ್ಯವಾಗಿ ಆಗೋದು ಹೀಗೆ: ಕೋಡ್ (ಗಾಡಿ ಕಂಪ್ಯೂಟರ್ ಬರೆದಿಟ್ಟ ತೊಂದ್ರೆ ನಂಬರ್) ಓದಿಸ್ತಾರೆ, ಅದರಲ್ಲಿ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಕ್ಸಿಜನ್ ಅಳೆಯೋ ಪಾರ್ಟು) ಹೆಸರು ಕಂಡ್ರೆ ಸೀದಾ ಹೊಸ ಸೆನ್ಸರ್ ತಂದು ಹಾಕ್ತಾರೆ, ವಾರ ಕಳೆಯೋದ್ರಲ್ಲಿ ಲೈಟ್ ಮತ್ತೆ ಹಾಜರ್. ಕೋಡು ಹೇಳೋದು ಲೆಕ್ಕ ಎಲ್ಲಿ ತಾಳೆ ಆಗ್ತಿಲ್ಲ ಅನ್ನೋದನ್ನ ಅಷ್ಟೇ. ಯಾಕೆ ತಾಳೆ ಆಗ್ತಿಲ್ಲ ಅಂತ ಹುಡುಕೋ ಕೆಲಸ ನಮ್ದು, ಅದಕ್ಕೆ ಬೇಕಿರೋದು ಒಂದು ಸ್ಕ್ಯಾನರ್, ಸ್ವಲ್ಪ ತಾಳ್ಮೆ.

ಮೊದಲು ಲೈಟ್ ಸುಮ್ನೆ ಉರೀತಿದ್ಯಾ, ಮಿಣುಕ್ತಿದ್ಯಾ ನೋಡಿ. ಮಿಣುಕ್ತಿದ್ರೆ ಜೋರಾಗಿ ಮಿಸ್‌ಫೈರ್ ಆಗ್ತಿದೆ ಅಂತ, ಅಂದ್ರೆ ಸಿಲಿಂಡರಲ್ಲಿ ಸುಡದೆ ಉಳಿದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡೋ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಉರಿಯುತ್ತೆ, ಅದು ವಿಪರೀತ ಕಾದು ಹಾಳಾಗುತ್ತೆ. ಆಕ್ಸಿಲರೇಟರ್ ಬಿಟ್ಟು ನಿಧಾನಕ್ಕೆ ಸೈಡಿಗೆ ಹಾಕಿ. ಸುಮ್ನೆ ಉರೀತಿದ್ದು ಗಾಡಿ ಸರಿಯಾಗಿ ಓಡ್ತಿದ್ರೆ ಗಾಬರಿ ಬೇಡ, ಮನೆವರೆಗೂ ಹೋಗಬಹುದು. ಆಯಿಲ್ ಪ್ರೆಶರ್ ಅಥವಾ ಟೆಂಪರೇಚರ್‌ದು ಕೆಂಪು ಲೈಟ್ ಬಂದ್ರೆ ಮಾತ್ರ ಅದು ಬೇರೆ ಕಥೆ, ತಕ್ಷಣ ಇಂಜಿನ್ ಆಫ್ ಮಾಡಿ.

ಪೆಟ್ರೋಲ್ ಗಾಡಿ ಆದ್ರೆ ಟ್ಯಾಂಕ್ ಮುಚ್ಚಳ ಒಂದ್ಸಲ ತೆಗೆದು, ಅದರ ರಬ್ಬರ್ ಸೀಳಿದ್ಯಾ ನೋಡಿ, ಮತ್ತೆ ಟಿಕ್ ಅನ್ನೋವರೆಗೂ ತಿರುಗಿಸಿ. ಮುಚ್ಚಳ ಸಡಿಲ ಇದ್ರೂ ಪಿ0455 ತರ, ಪೆಟ್ರೋಲ್ ಆವಿ ಲೀಕ್ ಆಗ್ತಿದೆ ಅನ್ನೋ ಕೋಡ್ ಬರುತ್ತೆ. ಬಿಗಿ ಮಾಡಿದ ತಕ್ಷಣ ಲೈಟ್ ಹೋಗಲ್ಲ. ಕಂಪ್ಯೂಟರ್ ಮತ್ತೆ ಟೆಸ್ಟ್ ಮಾಡಿ, ಸಾಮಾನ್ಯವಾಗಿ ಸತತ 3 ಸಲ ಸರಿ ಅನ್ನಿಸಿದ ಮೇಲೇ ಆರಿಸೋದು.

ಈಗ ಸ್ಕ್ಯಾನರ್. ಸ್ಟೀರಿಂಗ್ ಕೆಳಗೆ, ಮೊಣಕಾಲಿನ ಹತ್ರ ಗಾಡಿ ಕಂಪ್ಯೂಟರಿಗೆ ಸ್ಕ್ಯಾನರ್ ಸಿಕ್ಕಿಸೋ 16 ಪಿನ್ನಿನ ಓಬಿಡಿ ಸಾಕೆಟ್ ಇರುತ್ತೆ (ಅಮೆರಿಕದಲ್ಲಿ 1996ರಿಂದಲೇ ಕಡ್ಡಾಯ, ಆಮೇಲೆ ಬೇರೆ ಕಡೆನೂ ಬಂತು). ಬ್ಲೂಟೂತ್ ಅಡಾಪ್ಟರ್, ಫೋನಲ್ಲಿ ಒಂದು ಆ್ಯಪ್ ಇದ್ರೆ ಸಾಕು, ಆದ್ರೆ ಬರೀ ಕೋಡ್ ಅಲ್ಲದೆ ಲೈವ್ ಡೇಟಾನೂ (ಇಂಜಿನ್ ಓಡ್ತಿರುವಾಗಲೇ ಸೆನ್ಸರ್ ಕೊಡೋ ಲೆಕ್ಕ) ತೋರಿಸೋದು ಇರಲಿ. ಪೆಂಡಿಂಗ್ ಕೋಡ್ (ತೊಂದ್ರೆ ಕಂಡಿದೆ, ಆದ್ರೆ ಇನ್ನೂ ಲೈಟ್ ಹತ್ತಿಸಿಲ್ಲ ಅನ್ನೋದು) ಸೇರಿಸಿ ಇರೋದೆಲ್ಲಾ ಬರ್ಕೊಳ್ಳಿ, ಫ್ರೀಜ್ ಫ್ರೇಮ್ ಅನ್ನೋ ಪೇಜಿನ ಸ್ಕ್ರೀನ್‌ಶಾಟ್ ತಗೊಳ್ಳಿ. ತೊಂದ್ರೆ ಕಂಡ ಹೊತ್ತಲ್ಲಿ ಆರ್‌ಪಿಎಂ ಎಷ್ಟಿತ್ತು, ಇಂಜಿನ್ ಬಿಸಿ ಆಗಿತ್ತಾ, ಲೋಡ್ ಎಷ್ಟು, ಎಲ್ಲಾ ಅಲ್ಲಿರುತ್ತೆ. ಕ್ಲಿಯರ್ ಬಟನ್ ಒತ್ತಿದ್ರೆ ಕೋಡ್ ಜೊತೆ ಇದೂ ಅಳಿಸಿ ಹೋಗುತ್ತೆ, ಬ್ಯಾಟರಿ ಟರ್ಮಿನಲ್ ಬಿಚ್ಚಿದ್ರೂ ಬಹಳಷ್ಟು ಗಾಡೀಲಿ ಅದೇ ಗತಿ. "ಕ್ಲಿಯರ್ ಮಾಡಿ ನೋಡೋಣ ಬಿಡಿ ಸಾರ್" ಅನ್ನೋರ ಕೈಗೆ ಮೊದಲೇ ಸ್ಕ್ಯಾನರ್ ಕೊಡಬೇಡಿ.

ಆಮೇಲೆ ಬಾನೆಟ್ ಎತ್ತಿ ಕಣ್ಣಲ್ಲೇ ಒಂದು ರೌಂಡ್. ಇಲಿ ಕಡಿದ ವೈರು, ಜಾರಿ ಬಂದಿರೋ ಹೋಸು, ಹಸಿರು ಕಟ್ಟಿರೋ ಕನೆಕ್ಟರ್. ಕೋಡಿನ ವಿವರಣೇಲಿ ಸರ್ಕ್ಯೂಟ್ ಅನ್ನೋ ಪದ ಇದ್ರಂತೂ ಸೆನ್ಸರ್‌ಗಿಂತ ಮೊದಲು ಫ್ಯೂಸ್, ವೈರ್ ಮೇಲೇ ಅನುಮಾನ ಇರಲಿ.

ಜನ ಜಾಸ್ತಿ ದುಡ್ಡು ಕಳ್ಕೊಳೋದು ಪಿ0171ರಲ್ಲಿ. ಇದರರ್ಥ ಮಿಕ್ಸ್ಚರ್ ಲೀನ್, ಗಾಳಿ ಜಾಸ್ತಿ, ಪೆಟ್ರೋಲ್ ಕಮ್ಮಿ. ಆಕ್ಸಿಜನ್ ಸೆನ್ಸರ್ ಇದನ್ನ ವರದಿ ಮಾಡ್ತು ಅಂತ ಅದನ್ನೇ ಬಿಚ್ಚಿ ಬಿಸಾಕ್ತಾರೆ, ಪಾಪ, ಅದು ಇದ್ದದ್ದು ಇದ್ದ ಹಾಗೆ ಹೇಳಿದ್ದಷ್ಟೇ. ಲೈವ್ ಡೇಟಾದಲ್ಲಿ ಶಾರ್ಟ್ ಟರ್ಮ್, ಲಾಂಗ್ ಟರ್ಮ್ ಫ್ಯೂಯಲ್ ಟ್ರಿಮ್ ಅಂತ ಎರಡು ಪರ್ಸೆಂಟೇಜ್ ಇರುತ್ತೆ, ಎರಡನ್ನೂ ಕೂಡಿಸಿ. ಪ್ಲಸ್ ಬಂದ್ರೆ ಕಂಪ್ಯೂಟರ್ ಹೆಚ್ಚಿಗೆ ಪೆಟ್ರೋಲ್ ಸುರೀತಿದೆ ಅಂತ, 10ರ ಆಸುಪಾಸಿನವರೆಗೂ ತಲೆ ಕೆಡಿಸ್ಕೋಬೇಡಿ. ಇಂಜಿನ್ ಬಿಸಿ ಆದ್ಮೇಲೆ ಐಡಲಲ್ಲಿ (ಆಕ್ಸಿಲರೇಟರ್ ಒತ್ತದೆ) ಒಂದ್ಸಲ ನೋಡಿ, 2500 ಆರ್‌ಪಿಎಂನಲ್ಲಿ ಹಿಡಿದು ಇನ್ನೊಂದ್ಸಲ ನೋಡಿ. ಐಡಲಲ್ಲಿ ಪ್ಲಸ್ 20 ಇದ್ದದ್ದು 2500ಕ್ಕೆ ಹೋದಾಗ ಪ್ಲಸ್ 4ಕ್ಕೆ ಇಳಿದ್ರೆ ಎಲ್ಲೋ ವ್ಯಾಕ್ಯೂಮ್ ಲೀಕ್ ಇದೆ, ಅಂದ್ರೆ ತೂತಿನಿಂದ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ಹೋಗ್ತಿದೆ, ಯಾಕಂದ್ರೆ ಐಡಲಲ್ಲಿ ಇಂಜಿನ್ ಎಳ್ಕೊಳೋ ಗಾಳಿನೇ ಕಮ್ಮಿ, ಅದರಲ್ಲಿ ಈ ಕದ್ದು ನುಗ್ಗೋ ಗಾಳಿ ದೊಡ್ಡ ಪಾಲು, ರೇಸ್ ಮಾಡಿದಾಗ ಅದೇ ತೂತು ಲೆಕ್ಕಕ್ಕೇ ಬರಲ್ಲ. ಉಸ್ ಅನ್ನೋ ಸದ್ದು ಕೇಳುತ್ತಾ ನೋಡಿ, ಸಿಗದಿದ್ರೆ ಗ್ಯಾರೇಜಲ್ಲಿ ಸ್ಮೋಕ್ ಟೆಸ್ಟ್ (ಹೊಗೆ ಬಿಟ್ಟು ತೂತು ಹುಡುಕೋದು) ಮಾಡಿಸಿ. ಉಲ್ಟಾ, ಐಡಲಲ್ಲಿ ಸರಿ ಇದ್ದು ಲೋಡ್ ಬಿದ್ದಾಗ ಟ್ರಿಮ್ ಏರಿದ್ರೆ ಫ್ಯೂಯಲ್ ಪಂಪ್, ಫಿಲ್ಟರ್ ಅಥವಾ ಕೊಳೆ ಹಿಡಿದ ಏರ್ ಫ್ಲೋ ಸೆನ್ಸರ್ ಕಡೆ ಹೋಗಿ. ಈ ಸೆನ್ಸರಿಗೆ ಅಂತಲೇ ಕ್ಲೀನರ್ ಸ್ಪ್ರೇ ಬರುತ್ತೆ, ಬಟ್ಟೆ ಬ್ರಶ್ ಮುಟ್ಟಿಸಬೇಡಿ. ಡೀಸೆಲ್ ಗಾಡಿಗೆ ಈ ಟ್ರಿಮ್ ಲೆಕ್ಕ ನಡೆಯಲ್ಲ.

ಪಿ0301 ಅಂದ್ರೆ 1ನೇ ಸಿಲಿಂಡರ್ ಮಿಸ್‌ಫೈರ್. ಸಿಲಿಂಡರ್‌ಗೊಂದು ಕಾಯಿಲ್ (ಪ್ಲಗ್ಗಿನ ಕಿಡಿಗೆ ಕರೆಂಟ್ ಕೊಡೋ ಪಾರ್ಟು) ಇರೋ ಗಾಡಿ ಆದ್ರೆ ಇಂಜಿನ್ ಆಫ್ ಮಾಡಿ, ತಣ್ಣಗಾದ್ಮೇಲೆ, 1ರ ಕಾಯಿಲ್ 2ಕ್ಕೆ, 2ರದ್ದು 1ಕ್ಕೆ ಹಾಕಿ, ಕೋಡ್ ಕ್ಲಿಯರ್ ಮಾಡಿ ಓಡಿಸಿ (ಬರ್ಕೊಂಡಾಯ್ತಲ್ಲ, ಈಗ ಕ್ಲಿಯರ್ ಮಾಡಬಹುದು). ಪಿ0302 ಬಂದ್ರೆ ಕಳ್ಳ ಸಿಕ್ಕ, ಕಾಯಿಲ್ ತಗೊಳ್ಳಿ. 0301 ಅಲ್ಲೇ ಕೂತಿದ್ರೆ ಪ್ಲಗ್ ಅದಲು ಬದಲು ಮಾಡಿ, ಆಮೇಲೆ ಇಂಜೆಕ್ಟರ್, ಕೊನೆಗೆ ಕಂಪ್ರೆಶನ್ ಟೆಸ್ಟ್ (ಸಿಲಿಂಡರ್ ಒಳಗಿನ ಒತ್ತಡ ಅಳೆಯೋದು).

ಪಿ0420 ಬಂದ್ರೆ ಕ್ಯಾಟಲಿಟಿಕ್ ಕನ್ವರ್ಟರ್ ಹೋಯ್ತು ಅಂದ್ಬಿಡ್ತಾರೆ, ಅದೋ ಭಾರಿ ದುಬಾರಿ ಪಾರ್ಟು. ಮೊದಲು ಮಿಸ್‌ಫೈರ್, ಫ್ಯೂಯಲ್ ಟ್ರಿಮ್ ಕೋಡ್ ಇದ್ರೆ ಅದನ್ನ ಸರಿ ಮಾಡಿ, ಎಕ್ಸಾಸ್ಟ್ ಜಾಯಿಂಟಲ್ಲಿ ಲೀಕ್ ಇದ್ಯಾ ನೋಡಿ. ನಂತರ ಬಿಸಿ ಇಂಜಿನ್ನಲ್ಲಿ, 2500 ಆರ್‌ಪಿಎಂ ಹಿಡಿದು ಕನ್ವರ್ಟರ್ ದಾಟಿದ ಮೇಲೆ ಬರೋ ಆಕ್ಸಿಜನ್ ಸೆನ್ಸರಿನ ಗ್ರಾಫ್ ನೋಡಿ. 0.6, 0.7 ವೋಲ್ಟಲ್ಲಿ ಹೆಚ್ಚು ಕಮ್ಮಿ ನೆಟ್ಟಗೆ ನಿಂತಿದ್ರೆ ಕನ್ವರ್ಟರ್ ಇನ್ನೂ ಕೆಲಸ ಮಾಡ್ತಿದೆ, 0.1ರಿಂದ 0.9ರವರೆಗೆ ಪಟಪಟ ಕುಣೀತಿದ್ರೆ ಅನುಮಾನ ಗಟ್ಟಿ.

ರಿಪೇರಿ ಆದ್ಮೇಲೆ ಕೋಡ್ ಕ್ಲಿಯರ್ ಮಾಡಿ, ಆ್ಯಪಲ್ಲಿ ರೆಡಿನೆಸ್ ಮಾನಿಟರ್ (ಕಂಪ್ಯೂಟರ್ ತನ್ನ ಟೆಸ್ಟೆಲ್ಲಾ ಮುಗಿಸಿದ್ಯಾ ಅಂತ ತೋರಿಸೋದು) ಅಂತ ಇರುತ್ತೆ ನೋಡಿ, ಕ್ಲಿಯರ್ ಮಾಡಿದಾಗ ಅವೆಲ್ಲಾ ಇನ್‌ಕಂಪ್ಲೀಟ್ ಆಗಿರುತ್ತೆ. ಸಿಟಿ, ಹೈವೇ ಎರಡೂ ಓಡಿಸಿ, ಒಂದಿಷ್ಟು ದಿನ ಬೆಳಗ್ಗೆ ಕೋಲ್ಡ್ ಸ್ಟಾರ್ಟ್ ಆಗಲಿ. ಮಾನಿಟರ್‌ಗಳು ಕಂಪ್ಲೀಟ್ ಆಗಿ, ಪೆಂಡಿಂಗಲ್ಲೂ ಏನೂ ಕಾಣದಿದ್ರೆ ಕೆಲಸ ಮುಗೀತು. ಲೈಟ್ ಆರಿದೆ ಅಂತ ಮಾರನೇ ದಿನವೇ ಪೂರ್ತಿ ಬಿಲ್ ಚುಕ್ತಾ ಮಾಡಬೇಡಿ, ಎಷ್ಟೋ ಕೋಡ್‌ಗಳು ಸತತ ಎರಡು ಡ್ರೈವಲ್ಲಿ ತೊಂದ್ರೆ ಕಂಡ್ರೆ ಮಾತ್ರ ಲೈಟ್ ಹತ್ತಿಸೋದು.