ಐವರು ಕೂಡಿ ಕೇಳಿದ ಕರೆ: ಆರಾಧನೆ ಮತ್ತು ಉಪವಾಸದ ನನ್ನ ಅನುಭವ

ಆರಾಧನೆ ಮತ್ತು ಉಪವಾಸದ ಮೂಲಕ ದೇವರ ಕರೆಯನ್ನು, ಎಂದರೆ ಆತನು ನಮ್ಮನ್ನು ಯಾವ ಸೇವೆಗೆ ಕರೆಯುತ್ತಾನೆಂಬುದನ್ನು, ತಿಳಿದುಕೊಳ್ಳಬಹುದೆಂದು ನಾನು ಮೊದಲ ಸಲ ಹೇಳಿದಾಗ ನಮ್ಮ ಕ್ರೈಸ್ತ ಸಭೆಯ ಹಿರಿಯರೊಬ್ಬರು, "ಹಸಿದವನಿಗೆ ಕೇಳಿಸುವುದು ಹೊಟ್ಟೆಯ ಸದ್ದು ಮಾತ್ರ" ಎಂದು ನಕ್ಕಿದ್ದರು. ನಮ್ಮ ಸಭಾಪಾಲಕರಾದ ಅಯ್ಯನವರು ನಗಲಿಲ್ಲ, ಆದರೆ ಒಪ್ಪಲೂ ಇಲ್ಲ. ಈಗ ಈ ಕ್ರಮ ಫಲಿಸಿ ಎರಡು ವರ್ಷ ದಾಟಿದೆ; ಕಾಸರಗೋಡಿನ ಕನ್ನಡ ಸಭೆಗಳಲ್ಲಿ ಇದೇ ಹುಡುಕಾಟದಲ್ಲಿರುವ ಕೆಲವರು ವಿಚಾರಿಸುತ್ತಿರುವುದರಿಂದ ಬರೆಯುತ್ತಿದ್ದೇನೆ. ಉಪವಾಸವನ್ನು ಹೇಗೆ ಹಿಡಿಯಬೇಕು, ಹೇಗೆ ಬಿಡಬೇಕು ಎಂಬುದು ನಿಮಗೆ ಗೊತ್ತಿರುವುದರಿಂದ ಆ ಪಾಠಕ್ಕೆ ಇಲ್ಲಿ ಕೈಹಾಕುವುದಿಲ್ಲ.

ನಾನು ಬದಿಯಡ್ಕದ ಅಡಿಕೆ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ಪೂರ್ಣಾವಧಿ ಸೇವೆಗೆ ಇಳಿಯಬೇಕು, ಸಾಧ್ಯವಾದರೆ ಸಭಾಪಾಲಕನಾಗಬೇಕು ಎಂಬುದು ಬಹುಕಾಲದ ಆಸೆಯಾಗಿತ್ತು. ಅದು ಕರೆಯೋ ಬರಿಯ ಆಸೆಯೋ ಎಂದು ತಿಳಿಯುವುದಕ್ಕಾಗಿ ಮಂಗಳೂರಿನ ಕಡೆ ನಡೆಯುವ ಉಪವಾಸ ಕೂಟಗಳಿಗೆ ಅಲೆದೆ. ಶುಲ್ಕ, ಬಸ್ಸು, ವಸತಿ, ಕಾಣಿಕೆಯ ಲಕೋಟೆ, ರಜೆ ಹಾಕಿದ ದಿನಗಳ ಸಂಬಳ ಎಲ್ಲವೂ ಸೇರಿ ಹೆಚ್ಚುಕಡಿಮೆ 40 ಸಾವಿರ ರೂಪಾಯಿ ಹೋಯಿತು. ಆಗ ನನ್ನ ಸಂಬಳ ತಿಂಗಳಿಗೆ 16-17 ಸಾವಿರ ಇದ್ದಿರಬಹುದು. ಒಬ್ಬ ಬೋಧಕರು ನಾನು ಉತ್ತರ ಭಾರತಕ್ಕೆ ಹೋಗುವೆನೆಂದರು, ಇನ್ನೊಬ್ಬರು ಗಲ್ಫಿಗೆಂದರು. ಒಂದು ಲೆಂಟಿನಲ್ಲಿ (ಈಸ್ಟರಿಗೆ ಮುಂಚಿನ ಉಪವಾಸಕಾಲ) ಬೈಬಲಿನ ದಾನಿಯೇಲನ ಹಾಗೆ ಮೂರು ವಾರ ಮೀನು, ಮಾಂಸ, ಸಿಹಿ ಬಿಟ್ಟು ಒಬ್ಬನೇ ಕುಳಿತೆ. ಎರಡನೆಯ ವಾರಕ್ಕೆ ಮನೆಯವರ ಮೇಲೆ ಸಿಡುಕು ಹೆಚ್ಚಿತು, ಮತ್ತು ನನಗೆ ಕೇಳಿಸಿದ್ದೆಲ್ಲವೂ ನಾನು ಮೊದಲೇ ಬಯಸಿದ್ದಾಗಿತ್ತು. ಬೈಬಲಿನ ಗಿದ್ಯೋನನಂತೆ ದೇವರಿಂದ ಗುರುತು ಕೇಳಿದ್ದೂ ಉಂಟು. ಹೌದೆಂಬ ಗುರುತೂ ಬಂತು, ಅಲ್ಲವೆಂಬ ಗುರುತೂ ಬಂತು.

ದಾರಿ ತೋರಿಸಿದ್ದು ಬೈಬಲಿನ ಅಪೊಸ್ತಲರ ಕೃತ್ಯಗಳ 13ನೆಯ ಅಧ್ಯಾಯ. ಅಂತಿಯೋಕ್ಯದ ಸಭೆಯಲ್ಲಿ ಬಾರ್ನಬ, ಸಿಮೆಯೋನ, ಲೂಕ್ಯ, ಮೆನಹೇನ, ಸೌಲ ಎಂಬ ಐವರ ಹೆಸರು ಅಲ್ಲಿದೆ. ಅವರು ಕರ್ತನನ್ನು ಆರಾಧಿಸುತ್ತ ಉಪವಾಸದಲ್ಲಿದ್ದರೇ ಹೊರತು ಯಾರನ್ನು ಎಲ್ಲಿಗೆ ಕಳುಹಿಸಬೇಕೆಂದು ಕೇಳುತ್ತ ಕುಳಿತಿದ್ದರೆಂದು ಬರೆದಿಲ್ಲ. ಬಾರ್ನಬ ಮತ್ತು ಸೌಲರನ್ನು ಸೇವೆಗಾಗಿ ಪ್ರತ್ಯೇಕಿಸಬೇಕೆಂಬ ಪವಿತ್ರಾತ್ಮನ ಮಾತು ಬಂದದ್ದು ಆ ಇಬ್ಬರಿಗೆ ಗುಟ್ಟಾಗಿ ಅಲ್ಲ, ಕೂಡಿದ್ದ ಸಭೆಗೆ. ಮೂರನೆಯ ವಚನದಲ್ಲಿ ಇನ್ನೊಂದು ಉಪವಾಸವಿದೆ: ಕರೆ ಕೇಳಿದ ಮೇಲೆ ಅವರು ಮತ್ತೊಮ್ಮೆ ಉಪವಾಸವಿದ್ದು, ಪ್ರಾರ್ಥಿಸಿ, ಹಸ್ತಾರ್ಪಣೆ ಮಾಡಿ (ಅವರ ಮೇಲೆ ಕೈಗಳನ್ನಿಟ್ಟು) ಕಳುಹಿಸಿದರು. ನಾನು ಹಣ ಕಟ್ಟಿ ಕುಳಿತ ಯಾವ ಕೂಟದಲ್ಲಿಯೂ ಈ ಎರಡನೆಯ ಉಪವಾಸದ ಮಾತು ಬಂದಿರಲಿಲ್ಲ.

ಆದುದರಿಂದ ನಾನೂ ನಾಲ್ವರನ್ನು ಕೂಡಿಸಿಕೊಂಡೆ: ನಿವೃತ್ತ ಕನ್ನಡ ಶಾಲೆಯ ಟೀಚರೊಬ್ಬರು, ಒಬ್ಬ ಆಟೋ ಚಾಲಕ, ಒಬ್ಬರು ನರ್ಸ್, ಟೈಲರಿಂಗ್ ಮಾಡುವ ಒಬ್ಬ ತರುಣ. ಒಬ್ಬರಿಗೊಬ್ಬರು ಸಂಬಂಧಿಕರಲ್ಲದಂತೆ ಬೇಕೆಂದೇ ಆರಿಸಿದೆ. ಶುಕ್ರವಾರ ರಾತ್ರಿಯ ಊಟ ಬಿಟ್ಟು, ಶನಿವಾರ ಸಂಜೆಯ ತನಕ ನೀರು ಮಾತ್ರ. ಟೀಚರಿಗೆ ಸಕ್ಕರೆ ಕಾಯಿಲೆ ಇದ್ದುದರಿಂದ ಅವರು ವೈದ್ಯರನ್ನು ಕೇಳಿ, ಹೊತ್ತುಹೊತ್ತಿಗೆ ಊಟ ಮಾಡಿಯೇ ಮಾತ್ರೆ ತೆಗೆದುಕೊಂಡು, ಉಪವಾಸಕ್ಕೆ ಬದಲಾಗಿ ಟಿವಿ ಮತ್ತು ಫೋನನ್ನು ಬಿಟ್ಟರು. ಅವರಿಗೆ ಕೇಳಿಸಿದ್ದು ನಮಗಿಂತ ಕಡಿಮೆಯೇನಲ್ಲ. ಶನಿವಾರ ಎರಡು ಮೂರು ತಾಸು ಕೀರ್ತನೆಗಳ ವಾಚನ, ಗಾಯನ, ಸ್ತೋತ್ರ. ಬೇಡಿಕೆ ಮಾತ್ರ ಕೂಡದು. ಈ ಕ್ರಮದಲ್ಲಿ ಅತ್ಯಂತ ಕಠಿಣವಾದದ್ದು ಹಸಿವೆಯಲ್ಲ, ಈ ನಿಯಮ. ಸ್ತೋತ್ರವೆಂದು ಆರಂಭಿಸಿದ್ದು ಹತ್ತು ನಿಮಿಷದೊಳಗೆ ಮಗಳ ಮದುವೆ, ಬ್ಯಾಂಕಿನ ಸಾಲಕ್ಕೆ ಹೊರಳುತ್ತಿತ್ತು. ಹಾಗಾದಾಗಲೆಲ್ಲ ಆಟೋ ಚಾಲಕ ಮೇಜು ತಟ್ಟುತ್ತಿದ್ದ.

ಕೊನೆಯಲ್ಲಿ ಪ್ರತಿಯೊಬ್ಬರೂ ಒಂದು ಚೀಟಿ ಬರೆಯುತ್ತಿದ್ದೆವು, ಆದರೆ ತನ್ನ ವಿಷಯ ಬರೆಯುವ ಹಾಗಿಲ್ಲ, ಉಳಿದ ನಾಲ್ವರ ವಿಷಯ ಮಾತ್ರ. ಲೆಕ್ಕ ಬರೆದವನೇ ಆ ಲೆಕ್ಕವನ್ನು ತಪಾಸಣೆ ಮಾಡಬಾರದಲ್ಲವೇ? ಚೀಟಿಗಳನ್ನು ತಿಂಗಳಿಗೊಮ್ಮೆ ಮಾತ್ರ ತೆರೆಯುತ್ತಿದ್ದೆವು. ಚೀಟಿಯ ತಲೆಯಲ್ಲಿ ಬರೆಯುತ್ತಿದ್ದ ಪ್ರಶ್ನೆಯನ್ನು ಇಲ್ಲಿ ಕೊಡುವುದಿಲ್ಲ. ಮೊದಲೇ ತಿಳಿದವರು ಉತ್ತರವನ್ನು ಮನೆಯಿಂದಲೇ ತರುತ್ತಾರೆ. ಎದುರು ಬಂದು ಕುಳಿತವರಿಗೆ ಹೇಳಿಕೊಡುತ್ತೇನೆ.

ಮೊದಲ ನಾಲ್ಕೈದು ತಿಂಗಳ ಚೀಟಿಗಳು ಕಸ. ಆಮೇಲೆ ನನ್ನ ಹೆಸರಿನ ಎದುರು ಎಣ್ಮಕಜೆಯ ಮನೆಗಳ ಮಾತು ಬರತೊಡಗಿತು, ಮೊದಲು ನರ್ಸ್ ಬರೆದ ಚೀಟಿಯಲ್ಲಿ, ಬಳಿಕ ಒಂದೊಂದಾಗಿ ನಾಲ್ವರದರಲ್ಲಿಯೂ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಕೀಟನಾಶಕ ಸಿಂಪಡಿಸಿದ ಪ್ರದೇಶ ಅದೆಂದು ನಿಮಗೆ ತಿಳಿದಿದೆ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಸುಪ್ರೀಂ ಕೋರ್ಟು 2017ರಲ್ಲಿ ಆದೇಶಿಸಿತು. ಆದರೆ ಹಾಸಿಗೆ ಹಿಡಿದ ಮಗನ ಬಳಿ ಅರ್ಧ ದಿನ ಕೂರುವವರಿಲ್ಲದೆ ತಾಯಿ ರೇಷನ್ ಅಂಗಡಿಗೂ ಹೋಗಲಾರದ ಮನೆಗಳು ಅಲ್ಲಿವೆ. ವೇದಿಕೆಯ ಆಸೆಯಲ್ಲಿದ್ದ ನನಗೆ ಇದು ಹಿಡಿಸಲಿಲ್ಲ, ಮತ್ತು ಹಿಡಿಸದಿದ್ದುದೇ ನಂಬಲು ಮೊದಲ ಕಾರಣವಾಯಿತು.

ಎರಡನೆಯ ಉಪವಾಸವನ್ನು ಆಗ ಹಿಡಿದೆವು, ಆದರೆ ಅದರ ಜೊತೆಗೆ ಕೆಲಸವನ್ನೂ ಆರಂಭಿಸಿದೆ: ಸುಮಾರು ಆರು ತಿಂಗಳು ವಾರಕ್ಕೊಂದು ದಿನ ಪೆರ್ಲದ ಬಸ್ಸು ಹಿಡಿದು ಹೋಗಿ, ಒಂದು ಮನೆಯಲ್ಲಿ ಸುಮ್ಮನೆ ಕುಳಿತು ತಾಯಿಯನ್ನು ಹೊರಗೆ ಕಳುಹಿಸುವುದು. ಕರಪತ್ರವಿಲ್ಲ, ಬೋಧನೆಯಿಲ್ಲ, ಕೇಳಿದವರ ಮನೆಯಲ್ಲಿ ಮಾತ್ರ ಪ್ರಾರ್ಥನೆ. ಬಸ್ಸಿನ ಖರ್ಚು ಬಂದದ್ದು ನಾವು ಉಣ್ಣದ ಊಟದಿಂದಲೇ. ಉಪವಾಸವಿದ್ದ ನಾಲ್ವರ ಊಟ ಮತ್ತು ಚಹಾದ ಹಣ ವಾರಕ್ಕೆ 400-500 ರೂಪಾಯಿ ಒಂದು ಡಬ್ಬಿಗೆ ಬೀಳುತ್ತಿತ್ತು. ಹಸಿದವರಿಗೆ ಆಹಾರ ಹಂಚುವುದೇ ಉಪವಾಸವೆನ್ನುವ ಯೆಶಾಯನ 58ನೆಯ ಅಧ್ಯಾಯ ಓದಿದವರಿಗೆ ಈ ಡಬ್ಬಿಯ ಲೆಕ್ಕವನ್ನು ವಿವರಿಸಬೇಕಾಗಿಲ್ಲ. ಆ ಮೇಲೆ ಸಭೆಯವರು ಒಂದು ಭಾನುವಾರ ಹಸ್ತಾರ್ಪಣೆ ಮಾಡಿದರು, ಅಯ್ಯನವರೇ ಮುಂದೆ ನಿಂತು. ಅಂಗಡಿಯ ಯಜಮಾನರು ವಾರಕ್ಕೆ ಎರಡು ದಿನ ಬಿಟ್ಟುಕೊಟ್ಟಿದ್ದಾರೆ. ಅದರಿಂದ ಸಂಬಳದಲ್ಲಿ ಸುಮಾರು 6 ಸಾವಿರ ಕಡಿಮೆಯಾಗಿದೆ, ಅದರ ಅರ್ಧದಷ್ಟನ್ನು ಸಭೆ ತುಂಬುತ್ತದೆ, ಉಳಿದದ್ದು ನನ್ನದೇ.

ನಡುವೆ ಬೇರೆ ಪ್ರಯೋಗಗಳನ್ನೂ ಮಾಡಿದೆವು. ಕಾಫಿಯನ್ನಷ್ಟೇ ಬಿಡುವುದರಿಂದ ಬಂದದ್ದು ತಲೆನೋವು ಮಾತ್ರ. ತುಳುವಿನಲ್ಲಿ ಹಾಡಿದಾಗ ಕಣ್ಣೀರು ಬೇಗ ಬರುತ್ತಿತ್ತು, ಆದರೆ ಬಳಿಕ ಹರಟೆಯೂ ಬೇಗ ಏಳುತ್ತಿತ್ತು. ಮಧ್ಯಾಹ್ನ ತೂಕಡಿಕೆ ತಡೆಯಲಾರದೆ ಆರಾಧನೆಯನ್ನು ಮುಂಜಾನೆ ಐದೂವರೆಗೆ ಬದಲಿಸಿದೆವು, ಅದೇ ಸರಿಯಾಯಿತು. ಯೂದನ ಸ್ಥಾನಕ್ಕೆ ಅಪೊಸ್ತಲರು ಮತ್ತೀಯನನ್ನು ಆರಿಸಿದಂತೆ ಚೀಟು ಹಾಕಿ ನೋಡೋಣವೆಂದು ತರುಣ ಒತ್ತಾಯಿಸಿದ. ಪವಿತ್ರಾತ್ಮನು ಇಳಿದು ಬಂದ ಮೇಲೆ ಅಪೊಸ್ತಲರು ಚೀಟು ಹಾಕಿದ್ದು ಎಲ್ಲಿಯೂ ಬರೆದಿಲ್ಲವೆಂದು ಟೀಚರು ತೋರಿಸಿದ ಮೇಲೆ ಸುಮ್ಮನಾದ.

ಇದೇ ಕ್ರಮದಿಂದ ಪಕ್ಕದ ಸಭೆಯಲ್ಲಿ ಇನ್ನಿಬ್ಬರ ಕರೆ ಗೊತ್ತಾಗಿದೆ. ಅಂದು ನಕ್ಕ ಹಿರಿಯರೂ ಕಳೆದ ಕ್ರಿಸ್ಮಸ್ಸಿನ ಬಳಿಕ ಮನೆಗೆ ಬಂದು, ಥಿಯಾಲಜಿ ಓದಬೇಕೆನ್ನುವ ಮಗನಿಗಾಗಿ ಐವರ ಗುಂಪೊಂದನ್ನು ಕಟ್ಟಿಕೊಡಬೇಕೆಂದು ಕೇಳಿದರು. ಕಟ್ಟಿಕೊಡುತ್ತೇನೆ, ಆದರೆ ಆ ಗುಂಪಿನಲ್ಲಿ ತಂದೆ ಇರಕೂಡದು ಎಂದು ಹೇಳಿದ್ದೇನೆ.